ನೆಲಮಾಳಿಗೆಗೆ ಇಳಿದ ಸಭೆ

ಮಾರ್ಚ್ ೧೪

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ಪತ್ರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಎರಡು ಮಾತಿಗೇ "ಆಯ್ತು, ಊಟ ಮಾಡು, ಇಡ್ತೀನಿ" ಎಂದುಬಿಡುತ್ತೀಯ. ನನಗೋ ಹೇಳುವುದು ರಾಶಿ ಇದೆ. ಡಿಎನ್‌ಎ ದುರಸ್ತಿಯ ಬಗ್ಗೆ ಕೆಲಸ ಮಾಡುವ ಸುತ್ತಲಿನ ವಿಜ್ಞಾನಿಗಳನ್ನೆಲ್ಲ ಒಂದು ಕಡೆ ಸೇರಿಸುತ್ತೇನೆ ಎಂದಿದ್ದೆನಲ್ಲ, ಆ ಸಭೆ ಮುಗಿಯಿತು. ಚೆನ್ನಾಗಿಯೇ ಮುಗಿಯಿತು. ಜಂಬ ಅಂದುಕೊಂಡರೂ ಚಿಂತೆಯಿಲ್ಲ.

ಬಿಸಿಲು ನಮ್ಮ ಚರ್ಮದೊಳಗಿನ ಡಿಎನ್‌ಎಯನ್ನು ದಿನಾ ಅಷ್ಟಿಷ್ಟು ಕೆಡಿಸುತ್ತದೆ, ಮೈ ತಾನೇ ಅದನ್ನು ಸರಿಮಾಡಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಆ ಶಕ್ತಿ ಇರುವುದಿಲ್ಲ. ಅಂಥ ಒಬ್ಬ ಹುಡುಗಿಯನ್ನೂ ಬಟ್ಟೆ ಹೊಲಿಯುವ ಅವಳ ತಾಯಿಯನ್ನೂ ನಾನು ಸಭೆಗೆ ಕರೆದೆ. ಮೊದಲ ಮಾತು ಆ ತಾಯಿಯದೇ ಎಂದು ಗೊತ್ತುಮಾಡಿದೆ.

ಅಲ್ಲಿಂದ ಶುರುವಾಯಿತು ನೋಡು. ನಮ್ಮ ಸಂಸ್ಥೆಯ ನಿರ್ದೇಶಕರು ಹೊಸದಾಗಿ ಕಟ್ಟಿಸಿದ ಸಭಾಂಗಣಕ್ಕೆ ಗಾಜಿನ ಗೋಡೆ. ಬಂದವರಿಗೆಲ್ಲ ಅದನ್ನು ತೋರಿಸುವ ಆಸೆ ಅವರಿಗೆ. "ಸರ್, ಆ ಮಗು ಅಲ್ಲಿ ಕೂರೋಕಾಗಲ್ಲ" ಎಂದೆ. "ಪರದೆ ಹಾಕ್ಸಿ" ಎಂದರು. ಬಿಸಿಲಿನ ಕೆಡುಕು ಕಿರಣ ಅಳೆಯುವ ಮೀಟರ್ ಹಿಡಿದು ಅವರನ್ನೇ ಕರೆದುಕೊಂಡು ಹೋದೆ. ಪರದೆ ಎಳೆದರೂ ಮುಳ್ಳು ಮೇಲೇರಿತು. "ಸರಿ, ಬೇರೆ ಕಡೆ ಮಾಡಿ" ಎಂದರು. ಸಭೆ ನೆಲಮಾಳಿಗೆಯ ಹಳೇ ಪಾಠದ ಕೋಣೆಗೆ ಇಳಿಯಿತು. ಅಲ್ಲಿ ಕಿಟಕಿಯಿಲ್ಲ, ಯಾರು ಅಲುಗಾಡಿದರೂ ಕುರ್ಚಿ ಚಾಡಿ ಹೇಳುತ್ತದೆ. ಎಲೆಕ್ಟ್ರಿಷಿಯನ್ ಜೊತೆ ನಿಂತು ದೀಪಗಳನ್ನೂ ಅಳೆದು, ಅನುಮಾನ ಬಂದದ್ದನ್ನೆಲ್ಲ ಬಿಚ್ಚಿಸಿದೆ.

ಆಮೇಲೆ ಗಡ್ಡದ ಮೇಷ್ಟ್ರ ಸರದಿ. ನಮ್ಮ ವಿಷಯದಲ್ಲಿ ದೊಡ್ಡ ಹೆಸರು ಅವರದು. ಫೋನ್ ಮಾಡಿ, "ಇದು ವಿಜ್ಞಾನದ ಸಭೆ ಕಣಮ್ಮ, ಕಣ್ಣೀರು ಹಾಕೋ ಜಾಗ ಅಲ್ಲ. ಅವರು ಮೊದಲು ಮಾತಾಡೋದಾದ್ರೆ ನಾನು ಬರಲ್ಲ" ಎಂದರು. ಅವರು ತಪ್ಪಿಸಿಕೊಂಡರೆ ಅರ್ಧ ಜನ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. "ನಿಮ್ಮ ಕುರ್ಚಿ ಇಟ್ಟಿರ್ತೀನಿ ಸರ್. ಕ್ರಮ ಮಾತ್ರ ಬದಲಾಗಲ್ಲ" ಎಂದೆ. ಮುಖ ಗಂಟುಹಾಕಿಕೊಂಡೇ ಬಂದರು.

ತಾಯಿ ಅಳಲಿಲ್ಲ. ಮಗಳ ಕೆನ್ನೆಯಲ್ಲಿ ಚುಕ್ಕೆ ಕಂಡಲ್ಲಿಂದ ರೋಗಕ್ಕೊಂದು ಹೆಸರು ಸಿಗುವ ತನಕ ಅಲೆದದ್ದನ್ನು ಹೇಳಿ, "ಬೇಗ ಗೊತ್ತಾಗಿದ್ರೆ ಸಾಕಿತ್ತು" ಎಂದು ಕೂತಳು.

ಮೇಷ್ಟ್ರು ತಮ್ಮ ಇಲಿಗಳ ಬಗ್ಗೆ ಮಾತಾಡಿದರು. ಅವಕ್ಕೂ ಅದೇ ದೋಷ. ಪ್ರಶ್ನೆಗಳಿವೆಯೇ ಎಂದಾಗ ಮೊದಲು ಎದ್ದದ್ದು ಹುಡುಗಿಯ ಕೈ.

"ನಿಮ್ಮ ಇಲಿಗಳು ಹೊರಗೆ ಹೋಗ್ತವಾ?"

"ಇಲ್ಲಮ್ಮ, ಒಳಗೇ ಇರ್ತವೆ."

"ಮತ್ತೆ ಆಟಕ್ಕೆ ಏನ್ ಕೊಟ್ಟಿದ್ದೀರ?"

ಹಿಂದಿನ ಸಾಲಿನವರು ನಕ್ಕರು. ಮೇಷ್ಟ್ರು ನಗಲಿಲ್ಲ. "ಏನೂ ಕೊಟ್ಟಿಲ್ಲ. ಏನ್ ಕೊಡ್ಲಿ, ನೀನೇ ಹೇಳು" ಎನ್ನುತ್ತ ಇಳಿದು ಬಂದು ಅವಳ ಪಕ್ಕ ಕೂತರು. ಸಂಜೆಯ ಹೊತ್ತಿಗೆ ಅವರೇ ಮುಂದೆ ನಿಂತು, ಇಂಥ ಮಕ್ಕಳ ಪರೀಕ್ಷೆಯನ್ನು ಸುತ್ತಲಿನ ಪ್ರಯೋಗಾಲಯಗಳು ಹಂಚಿಕೊಂಡು ಮಾಡಬೇಕೆಂದು ಎಲ್ಲರನ್ನೂ ಒಪ್ಪಿಸಿದರು. ಮುಂದಿನ ತಿಂಗಳು ಕೆಲಸ ಶುರು.

ಮಂಡಿನೋವಿನ ಮಾತ್ರೆ ಬಿಡಬೇಡ, ತಂಗಿಯ ಮೇಲೆ ರೇಗಬೇಡ. ನಿನ್ನ ಹಾರೈಕೆ ನನ್ನ ಬೆನ್ನಿಗಿರಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಹೊರಡುವಾಗ ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಗೊತ್ತಾಗೋಕೆ ಮುಂಚೆ ನಾನೇ ಇವಳನ್ನ ಬಿಸಿಲಲ್ಲಿ ಆಡಿಸ್ತಿದ್ದೆ. ನನ್ನಿಂದಾನೇ ಹೀಗಾಯ್ತಾ ಮೇಡಂ?" ಎಂದು ಕೇಳಿದಳು. ಇಲ್ಲ ಎಂದೆ. ಅಮ್ಮ, ನನ್ನ ತಮ್ಮ ಪುಟ್ಟನಿಗೂ ಇದೇ ಕಾಯಿಲೆಯಿತ್ತು ಎಂದು ನನ್ನ ನಂಬಿಕೆ. ಅವನ ಮುಖದಲ್ಲೂ ಇದೇ ಚುಕ್ಕೆಗಳು. ಬೆಳಕಿಗೆ ಕಣ್ಣು ಬಿಡುತ್ತಿರಲಿಲ್ಲ. "ಎಳೆಬಿಸಿಲಿಗೆ ಕೂರಿಸಿ, ಗಟ್ಟಿಯಾಗ್ತಾನೆ" ಎಂದವರು ಡಾಕ್ಟರು. ನೀನು ಅವನನ್ನು ಮಡಿಲಲ್ಲಿಟ್ಟುಕೊಂಡು ದಿನಾ ಬಾಗಿಲ ಮುಂದೆ ಕೂತೆ. ಅವನು ಹೋದಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನೀನು ನನ್ನನ್ನು ಕೇಳಿಲ್ಲ, ಕೇಳುವವಳೂ ಅಲ್ಲ. ಆದರೂ ಹೇಳುತ್ತಿದ್ದೇನೆ. ಅದು ನಿನ್ನಿಂದ ಆದದ್ದಲ್ಲ, ಅಮ್ಮ.