ಬಸ್ಸಿನ ಮುಂದೆ ಮಲಗಿದವನಿಗೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ನವೆಂಬರ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗಡಿಬಿಡಿ,

ಹೇಗಿದ್ದೀಯಾ? ಎದೆಯುರಿ ಕಡಿಮೆ ಆಯ್ತಾ? ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡ್ತೀಯಾ, ಇಲ್ಲಾ ಈಗಲೂ ಒಂದು ಕಾಲು ಹೊಸ್ತಿಲ ಆಚೆ ಇಟ್ಟುಕೊಂಡೇ ನುಂಗ್ತೀಯಾ? ಅಡುಗೆ ನೀನೇ ಮಾಡ್ಕೊಳ್ತೀಯ ಅಂತ ಕೇಳಿದೆ. ಆ ಪಾತ್ರೆಗಳ ಪಾಡು ನೆನೆಸಿಕೊಂಡು ಅಯ್ಯೋ ಪಾಪ ಅನಿಸಿತು. ನಿನ್ನ ವಿಳಾಸ ಕೊಟ್ಟಿದ್ದು ಡಿಪೋದ ಮೆಕ್ಯಾನಿಕ್ಕು, ನಿನ್ನ ಜೊತೆಗಾರ. ಅವನ ಮೇಲೆ ಸಿಟ್ಟಾಗಬೇಡ, ನಾನು ಬೆನ್ನು ಬಿಡದ ಬೇತಾಳದ ಹಾಗೆ ಅವನ ಹಿಂದೆ ಬಿದ್ದಿದ್ದೆ. ನೀನು ಅಲ್ಲಿ ಶಾಲೆಯ ವ್ಯಾನ್ ಓಡಿಸ್ತೀಯಂತೆ, ಮಕ್ಕಳು ನಿನ್ನ ಮೀಸೆ ಎಳೀತಾರಂತೆ. ಎಳೀಲಿ ಬಿಡು, ಯಾರಾದರೂ ಎಳೀಬೇಕಿತ್ತು. ಫೋನ್ ಮಾಡಿದರೆ ನೀನು ಎತ್ತಲ್ಲ, ಅದಕ್ಕೇ ಕಾಗದ ಬರೀತಿದ್ದೀನಿ. ಕಾಗದ ಆದರೆ ಕಟ್ ಮಾಡೋಕೆ ಆಗಲ್ಲವಲ್ಲ.

ನಾನು ಚೆನ್ನಾಗಿದ್ದೀನಿ, ಮೊಣಕಾಲು ಮಾತ್ರ ನನ್ನ ಮಾತು ಕೇಳೋದು ಬಿಟ್ಟಿದೆ. ಆಸ್ಪತ್ರೆಯಲ್ಲಿ ನಮ್ಮ ಬಟ್ಟೆ ಒಗೆಯೋ ವಿಭಾಗಕ್ಕೆ ಹೊಸ ಮೆಷಿನ್ ಬಂದಿದೆ. ಒಗೆಯೋ ಶಬ್ದದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ, ಅದರಿಂದ ಜಗಳ ಕಡಿಮೆಯಾಗಿದೆ. ಚಾದರ ಮಡಚೋಕೆ ಮಾತ್ರ ಇಬ್ಬರು ಬೇಕೇ ಬೇಕು, ಎದುರು ತುದಿ ಹಿಡಿಯೋಕೆ. ನನ್ನ ಎದುರು ತುದಿ ಹಿಡಿಯೋಳು ಆಳೋ ಪಕ್ಷದವಳು, ಗೊತ್ತಲ್ಲ, ಕೆಂಪು ಸ್ವೆಟರಿನವಳು. ಚುನಾವಣೆ ಆದ ಮೇಲೆ ಅವಳು ನನ್ನ ಮುಖ ನೋಡದೆ ಚಾದರ ನೋಡಿಕೊಂಡೇ ಮಡಚ್ತಾಳೆ. ಆದರೂ ಮೂಲೆಗೆ ಮೂಲೆ ಸರಿಯಾಗಿ ಕೂರುತ್ತೆ ನೋಡು.

ನಿಮ್ಮಣ್ಣನ ವಿಷಯ ಆಮೇಲೆ ಹೇಳ್ತೀನಿ. ಮೊದಲು ನನ್ನ ಮನಸ್ಸಿನ ಭಾರ ಇಳಿಸ್ತೀನಿ, ಓದೋಕೆ ಬೇಜಾರಾದರೂ ಓದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಚಡ್ಡಿ ಹಾಕ್ಕೊಂಡು ಬಾಗಿಲ ಹಿಂದೆ ನಿಂತು ನನ್ನ ಚಪ್ಪಲಿ ನೋಡ್ತಿದ್ದೆ. ಅತ್ತೆ ಮಾವ ಹೋದ ಮೇಲೆ ಮಕ್ಕಳಿಲ್ಲದ ನಮಗೆ ಮಗು ಅಂದರೆ ನೀನೇ. ನಿಮ್ಮಣ್ಣ ತಾವು ಬಸ್ ಓಡಿಸೋ ಡಿಪೋದಲ್ಲೇ ನಿನಗೂ ಸ್ಟೀರಿಂಗ್ ಹಿಡಿಯೋಕೆ ಕಲಿಸಿದರು. ಅವರು ವಾರವಾರ ತಪ್ಪದೆ ಪ್ರಾರ್ಥನೆಗೆ ಹೋಗೋರು, ನೀನು ದೇವರ ಹೆಸರೆತ್ತಿದರೆ ಮೂಗು ಮುರಿಯೋನು. ಆದರೂ ಮನೆಯಲ್ಲಿ ಎಷ್ಟು ನಗು ಇತ್ತು! ಅವರು ಪ್ರಾರ್ಥನೆಗೆ ಹೊರಟರೆ ನೀನು “ಅಣ್ಣಾ, ನನ್ನ ಹೆಸರಲ್ಲೂ ಒಂದು ಹಾಜರಿ ಹಾಕಿ ಬಾ” ಅನ್ನೋದು. ನೀನು ಡ್ರೈವರುಗಳ ಸಂಘದ ಸಭೆಗೆ ಹೊರಟರೆ ಅವರು “ಲೋಕ ಉದ್ಧಾರ ಮಾಡಿ ವಾಪಸ್ ಬರೋವಾಗ ಒಂದು ಸೋಪು ತಗೊಂಡು ಬಾ” ಅನ್ನೋದು. ನೀನು ಸೋಪು ಮರೆತು ಬರ್ತಿದ್ದೆ, ಲೋಕವೂ ಹಾಗೇ ಇರ್ತಿತ್ತು. ಆ ದಿನಗಳು ಹೀಗೆ ಮುಗಿದು ಹೋಗ್ತವೆ ಅಂತ ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ಮೇಜಿನ ಹತ್ತಿರ ಕೂರಿಸಿಕೊಳ್ತಿದ್ದೆ ನಿಮ್ಮಿಬ್ಬರನ್ನೂ.

ಆಮೇಲೆ ಊರು ಎರಡಾಯ್ತು. ಆಳೋ ಪಕ್ಷದವರು ಒಂದು ಕಡೆ, ವಿರೋಧದವರು ಒಂದು ಕಡೆ. ಡಿಪೋ ಗೇಟಿನ ಚಹಾ ಅಂಗಡಿಯಲ್ಲಿ ಒಂದೊಂದು ಪಕ್ಷಕ್ಕೆ ಒಂದೊಂದು ಬೆಂಚು ಅಂತ ಆಯ್ತು. ನಿಮ್ಮಣ್ಣ ನಿಂತುಕೊಂಡೇ ಕುಡಿದು ಬರೋರು. ವಿರೋಧ ಪಕ್ಷದ ಮೆರವಣಿಗೆಗೆ ಹೋದ ತಪ್ಪಿಗೆ ನಿಮ್ಮ ಡ್ರೈವರುಗಳನ್ನು ಕೆಲಸದಿಂದ ತೆಗೆದರಲ್ಲ, ಅವತ್ತು ನೀನು ಊಟ ಮುಟ್ಟಲಿಲ್ಲ. ನಿಮ್ಮಣ್ಣನೂ ಮುಟ್ಟಲಿಲ್ಲ, ಅದನ್ನು ನೀನು ಗಮನಿಸಲಿಲ್ಲ. ಮುಷ್ಕರ ಮಾಡೋಣ ಅಂತ ಸಭೆಯಲ್ಲಿ ನೀನು ಕೇಳಿದಾಗ ಅವರೂ ಕೈ ಎತ್ತಿದ್ದರು. ಅವರು ಕೇಳಿದ್ದು ಒಂದೇ: ಆಸ್ಪತ್ರೆಗೆ ಹೋಗೋ ಬೆಳಗಿನ ಬಸ್ಸು ಒಂದು ಓಡಲಿ, ಅದರಲ್ಲಿ ಡಯಾಲಿಸಿಸ್‌ಗೆ ಹೋಗೋರು ಇರ್ತಾರೆ. ಇದೇ ಮೇಜಿನ ಮೇಲೆ ತಾನೇ ನೀನು ಹೇಳಿದ್ದು? “ಇವತ್ತು ಒಂದು ಬಸ್ಸು ಬಿಟ್ಟರೆ ನಾಳೆ ಹತ್ತು ಬಿಡಬೇಕಾಗುತ್ತೆ ಅಣ್ಣಾ. ಕೆಲಸ ಕಳಕೊಂಡವರ ಮನೇಲೂ ಕಾಯಿಲೆಯವರಿದ್ದಾರೆ, ಅವರ ಔಷಧಿಗೆ ಯಾವ ಬಸ್ಸು ಬಿಡ್ತೀಯಾ?” ನಿಮ್ಮಣ್ಣ ಕೈ ತೊಳೆದು ಬಂದು, “ನನಗೆ ಅಷ್ಟೆಲ್ಲ ಗೊತ್ತಿಲ್ಲ ಕಣೋ. ಸ್ಟಾಪಿನಲ್ಲಿ ನಿಂತಿರೋರು ನನಗೆ ಕಾಣಿಸ್ತಾರೆ” ಅಂದರು. ನೀನು ಎದ್ದು ಹೋದೆ.

ಮರುದಿನ ಅವರು ಬಸ್ಸು ತೆಗೆದರು. ನಾನು ದಿನಾ ಕೆಲಸಕ್ಕೆ ಹೋಗ್ತಿದ್ದುದೇ ಆ ಬಸ್ಸಿನಲ್ಲಿ. ಅವತ್ತು ಹತ್ತಬೇಡ ಅಂದರು, ಹತ್ತಿದೆ. ಮುಂದಿನ ಸೀಟಿನಲ್ಲಿ ಎಂದಿನಂತೆ ಟೀಚರಮ್ಮ, ನಿನಗೆ ಅಕ್ಷರ ಕಲಿಸಿದವರು. ಕಿಡ್ನಿ ಕೈಕೊಟ್ಟು ಅರ್ಧ ಆಗಿದ್ದರೂ ಬಸ್ಸಿನ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೆ ಬಿಡ್ತಿರಲಿಲ್ಲ. ಸೇತುವೆ ಇಳಿದು ತಿರುಗಿದ ಕೂಡಲೇ ನೀವು ಮುಷ್ಕರದವರೆಲ್ಲ ಕಂಡಿರಿ. ನಾನು ಅಂದುಕೊಂಡೆ, ಕೂಗ್ತಾರೆ, ಗಾಜಿಗೆ ಬಡೀತಾರೆ, ದಾರಿ ಬಿಡ್ತಾರೆ. ನೀನು ಗುಂಪಿನಿಂದ ಒಬ್ಬನೇ ಓಡಿ ಬಂದು, ಓಡ್ತಿರೋ ಬಸ್ಸಿನ ಮುಂದೆ ರಸ್ತೆಗೆ ಅಡ್ಡ ಮಲಗಿಬಿಟ್ಟೆ. ಆ ಬ್ರೇಕಿನ ಕಿರುಚಾಟ! ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು. ಬಸ್ಸು ನಿಂತಾಗ ಗಾಜಿನಿಂದ ನೀನು ಕಾಣಿಸ್ತಿರಲಿಲ್ಲ ಕಣೋ. ನಿಮ್ಮಣ್ಣ ಸ್ಟೀರಿಂಗ್ ಬಿಡಲಿಲ್ಲ, ಇಳಿದು ನೋಡೋ ಧೈರ್ಯ ಅವರಿಗಿರಲಿಲ್ಲ. ಇಳಿದವಳು ನಾನು. ನಿನ್ನ ತಲೆಗೂ ಚಕ್ರಕ್ಕೂ ಮಧ್ಯೆ ನನ್ನ ಚೀಲ ಇಡುವಷ್ಟು ಜಾಗ. ಏಳೋ ಅಂತ ಕೈ ಹಿಡಿದು ಎಳೆದರೆ, “ಅತ್ತಿಗೆ, ನೀವು ಮಧ್ಯೆ ಬರಬೇಡಿ” ಅಂತ ಕಣ್ಣು ಮುಚ್ಚಿಕೊಂಡೆ.

ಕಾಯಿಲೆಯವರು ಒಬ್ಬೊಬ್ಬರೇ ಇಳಿದು ನಡೆಯೋಕೆ ಶುರು ಮಾಡಿದರು. ನಿಮ್ಮ ಸಂಘದವರಲ್ಲೇ ಕೆಲವರು ಹೆಗಲು ಕೊಟ್ಟರು, ಅದನ್ನು ಮರೆಯಬಾರದು. ಟೀಚರಮ್ಮ ನಿನ್ನ ಹತ್ತಿರ ನಿಂತರು. ಏನು ಬೈತಾರೋ ಅಂದುಕೊಂಡೆ. ಅವರು ಅಂದಿದ್ದು ನಿನಗೂ ಕೇಳಿಸಿದೆ, ಆದರೂ ಬರೀತೀನಿ: “ಏಳು ಅನ್ನಲ್ಲಪ್ಪ. ರಸ್ತೆ ತಣ್ಣಗಿದೆ, ಬೆನ್ನ ಕೆಳಗೆ ಏನಾದರೂ ಹಾಕ್ಕೋ.” ಆಮೇಲೆ ನನ್ನ ತೋಳು ಹಿಡಿದು ನಡೆದರು. ಅರ್ಧ ದಾರಿಯಲ್ಲಿ ಬೀಗ ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನೀನು ಚಿಕ್ಕಂದಿನಲ್ಲಿ ತರಗತಿಯಿಂದ ಓಡಿ ಹೋಗಿ ಮರ ಹತ್ತಿದ್ದ ಕಥೆ ಹೇಳಿ ನಕ್ಕರು. ನಾವು ಹೋಗೋವಷ್ಟರಲ್ಲಿ ಅವರ ಸರದಿ ಬೇರೆಯವರಿಗೆ ಹೋಗಿತ್ತು, ಮರುದಿನ ಬರೋಕೆ ಹೇಳಿದರು. ಮರುದಿನ ಬಂದರು ಕೂಡ. ಅದರ ಮುಂದಿನ ವಾರ ತೀರಿಕೊಂಡರು. ನಾನು ಡಾಕ್ಟರನ್ನು ಬಿಡದೆ ಕೇಳಿದೆ. “ಆ ದಿನದಿಂದಲೇ ಅಂತ ಹೇಳೋಕಾಗಲ್ಲಮ್ಮ. ಅಲ್ಲ ಅಂತಾನೂ ಹೇಳೋಕಾಗಲ್ಲ” ಅಂದರು. ಈ ಮಾತು ನಿಮ್ಮಿಬ್ಬರಿಗೂ ನಾನೇ ತಂದು ಹೇಳಿದ್ದು. ಅವತ್ತು ನಿಮ್ಮಣ್ಣ “ನಿನ್ನ ಸಂಘ ಈ ಸಾವಿಗೆ ಉತ್ತರ ಕೊಡುತ್ತೇನೋ?” ಅಂದರು, ನೀನು “ನಿನ್ನ ದೇವರು ಕೊಡ್ತಾನಾ?” ಅಂದೆ. ಆ ಎರಡು ಮಾತು ಈ ಅಡುಗೆಮನೆಯಿಂದ ಇನ್ನೂ ಹೊರಗೆ ಹೋಗಿಲ್ಲ. ಕಿಟಕಿ ಎಷ್ಟು ತೆಗೆದಿಟ್ಟರೂ ಹೋಗಿಲ್ಲ.

ನೀನು ಊರು ಬಿಡೋಕೆ ಬಟ್ಟೆ ತುಂಬಿಕೊಳ್ಳೋವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದೆಯಲ್ಲ, “ನಾನು ಮಾಡಿದ್ದು ಸರಿ ಅಂತಲೇ ಈಗಲೂ ಅನಿಸುತ್ತೆ ಅತ್ತಿಗೆ. ಅದೇ ನನಗೆ ಭಯ.” ಹೋಗಬೇಡ ಅಂತ ನಿನ್ನ ಅಂಗಿ ಹಿಡಿದುಕೊಂಡೆ. ಆದರೆ ಆ ಭಯಕ್ಕೆ ಒಂದು ಸಮಾಧಾನದ ಮಾತು ಸಿಕ್ಕಲಿಲ್ಲ. ಎರಡು ವರ್ಷ ಹುಡುಕಿದ್ದೀನಿ, ಚಾದರ ಮಡಚ್ತಾ, ಪ್ರಾರ್ಥನೆಗೆ ಕೂತಾಗ, ಸಿಕ್ಕಿಲ್ಲ. ಯಾರು ಸರಿ ಅಂತ ದೇವರನ್ನೂ ಕೇಳಿದೆ. ಅವನೂ ನಿಮ್ಮಣ್ಣನ ಹಾಗೇ, ಕೇಳಿದ್ದಕ್ಕೆ ಬಾಯಿ ಬಿಡೋನಲ್ಲ.

ನೀನು ಹೋದ ಮೇಲೆ ಏನಾಯ್ತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಮುಷ್ಕರ ರಾಜಿಯಾಯ್ತು. ತೆಗೆದುಹಾಕಿದವರಲ್ಲಿ ಅರ್ಧ ಜನಕ್ಕೆ ಮಾತ್ರ ಕೆಲಸ ವಾಪಸ್ ಸಿಕ್ಕಿತು. ಎರಡೂ ಕಡೆಯ ದೊಡ್ಡವರು ಒಂದೇ ಸೋಫಾದಲ್ಲಿ ಕೂತು ಫೋಟೋ ತೆಗೆಸಿಕೊಂಡರು, ಬೀದಿಯಲ್ಲಿ ಮುಖ ತಿರುಗಿಸಿಕೊಂಡವರು ಹಾಗೇ ಉಳಿದರು. ಆಳೋ ಪಕ್ಷದವರು ನಿಮ್ಮಣ್ಣನ ಮುಖ ದೊಡ್ಡದಾಗಿ ಅಚ್ಚು ಹಾಕಿಸಿ ಡಿಪೋ ಗೋಡೆಗೆ ಅಂಟಿಸಿದರು, ಕರ್ತವ್ಯನಿಷ್ಠ ಚಾಲಕ ಅಂತ. ಇವರು ಬಕೆಟ್ಟಿನಲ್ಲಿ ನೀರು ತಗೊಂಡು ಹೋಗಿ ತಮ್ಮ ಮುಖವನ್ನು ತಾವೇ ಕೆರೆದು ತೆಗೆದರು. ಅಲ್ಲಿಗೆ ಆ ಪಕ್ಷದವರಿಗೂ ಬೇಡವಾದರು. ನಿಮ್ಮವರಿಗಂತೂ ಮೊದಲೇ ಬೇಡ. ಈಗ ಊರಾಚೆಯ ರೂಟು ಕೊಟ್ಟಿದ್ದಾರೆ, ಬಸ್ಸಿನಲ್ಲಿ ಜನಕ್ಕಿಂತ ಗಾಳಿ ಜಾಸ್ತಿ.

ಇದಕ್ಕಿಂತ ದೊಡ್ಡದು ಪ್ರಾರ್ಥನಾ ಮಂದಿರದಲ್ಲಿ ನಡೆದದ್ದು. ಗುರುಗಳು ಒಂದು ವಾರ ಉಪದೇಶ ಮಾಡ್ತಾ, ದೇವರಿಲ್ಲ ಅನ್ನೋರು ರಸ್ತೆಗೆ ಅಡ್ಡ ಮಲಗ್ತಾರೆ, ನಂಬಿಕೆ ಇರೋನು ಮುಂದೆ ಸಾಗ್ತಾನೆ, ನೋಡಿ ನಮ್ಮ ಈ ಸಹೋದರನನ್ನು ಅಂತ ಬೆರಳು ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ನನಗೂ ಒಂದು ಕ್ಷಣ ಹೆಮ್ಮೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ನಿಮ್ಮಣ್ಣ ಎದ್ದು ನಿಂತರು. ನಾಲ್ಕು ಜನರ ಮುಂದೆ ಮಾತಾಡಿದ ಮನುಷ್ಯ ಅಲ್ಲ ಅವರು. “ನಾನು ಮುಂದೆ ಸಾಗಲಿಲ್ಲ ಸ್ವಾಮಿ, ನಿಲ್ಲಿಸಿದೆ” ಅಂದರು. ಆಮೇಲೆ “ಓಡೋ ಬಸ್ಸಿನ ಮುಂದೆ ಮಲಗಿದ್ದು ನನ್ನ ತಮ್ಮ. ಅಣ್ಣ ಬ್ರೇಕ್ ಹಾಕ್ತಾನೆ ಅಂತ ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಇಲ್ಲಿಗೆ ಬಂದಿದ್ದೀನಿ, ಅಷ್ಟು ನಂಬಿಕೆ ನಾನು ಯಾರ ಮೇಲೂ ಇಟ್ಟವನಲ್ಲ, ದೇವರ ಮೇಲೂ ಇಲ್ಲ” ಅಂತ ಹೇಳಿ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗಿಬಿಟ್ಟರು. ಅವತ್ತಿನಿಂದ ಅವರು ಅಲ್ಲಿಗೆ ಹೋಗಿಲ್ಲ. ಮನೆಯಲ್ಲೇ ಪ್ರಾರ್ಥನೆ ಮಾಡಿ ಅಂದರೆ, “ಕಣ್ಣು ಮುಚ್ಚಿದರೆ ಬ್ರೇಕಿನ ಸದ್ದೇ ಕೇಳುತ್ತೆ ಕಣೇ” ಅಂತಾರೆ. ನಾನು ಒಬ್ಬಳೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ಬರ್ತೀನಿ. ನನ್ನ ಅಕ್ಕಪಕ್ಕದ ಜಾಗ ಖಾಲಿ ಇರುತ್ತೆ.

ಈ ಮಾತನ್ನು ಅವರು ನಿನ್ನ ಮುಂದೆ ಹೇಳಬೇಕಿತ್ತು. ನೂರಾರು ಜನರ ಮುಂದೆ ಹೇಳಿದರು, ಕೇಳಬೇಕಾದವನೊಬ್ಬನೇ ಅಲ್ಲಿರಲಿಲ್ಲ. ನಮ್ಮ ಮನೆಯ ಹಣೆಬರಹವೇ ಇಷ್ಟು. ಒಳ್ಳೆಯವರಾಗಿ ಬದುಕಬೇಕು ಅಂತ ಇಬ್ಬರೂ ಹಟ ಹಿಡಿದಿರಿ, ಆ ಹಟದಲ್ಲಿ ಒಬ್ಬರಿಗೊಬ್ಬರು ಇಲ್ಲದಂತಾದಿರಿ. ಕೆಟ್ಟವರಾಗಿದ್ದಿದ್ದರೆ ಇಷ್ಟು ಹೊತ್ತಿಗೆ ರಾಜಿಯಾಗಿ ನೀವೂ ಸೋಫಾದಲ್ಲಿ ಕೂತು ಫೋಟೋ ತೆಗೆಸಿಕೊಳ್ತಿದ್ದಿರೇನೋ.

ಇನ್ನು ಸಾಕು, ಅಂಚೆ ಕಚೇರಿ ಮುಚ್ಚೋ ಹೊತ್ತಾಯ್ತು. ಮೆಕ್ಯಾನಿಕ್ಕೂ ಅವನ ಹೆಂಡತಿಯೂ ನಿನ್ನನ್ನು ಕೇಳಿದರು. ತಣ್ಣೀರಲ್ಲಿ ಸ್ನಾನ ಮಾಡಬೇಡ. ವ್ಯಾನಿನ ಮಕ್ಕಳನ್ನು ಜೋಪಾನವಾಗಿ ಇಳಿಸು. ದೇವರನ್ನು ನೀನು ನಂಬದಿದ್ದರೂ ಅವನು ನಿನ್ನನ್ನು ಕಾಯಲಿ, ಅದಕ್ಕೆ ನಿನ್ನ ಒಪ್ಪಿಗೆ ನಾನು ಕೇಳ್ತಿಲ್ಲ.

ನಿನ್ನ ಅತ್ತಿಗೆ

ಮರೆತೆ: ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಿಮ್ಮಣ್ಣ ಅಲ್ಲಿಗೆ ಬರ್ತಿದ್ದಾರೆ. ಅವರು ಡ್ಯೂಟಿಯಲ್ಲಿದ್ದಾಗ ನೀನು ಫೋನ್ ಮಾಡಿ “ಅಣ್ಣನನ್ನು ಒಂದು ಸಲ ಕಳಿಸಿ ಅತ್ತಿಗೆ” ಅಂದೆ ಅಂತ ನಾನೇ ಹೇಳಿಬಿಟ್ಟಿದ್ದೀನಿ. ಎರಡೆರಡು ಸಲ ಕೇಳಿದರು, “ಅವನೇ ಅಂದನಾ?” ಅಂತ. ಹೂಂ ಅಂದೆ. ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದಾರೆ. ಬೇರೆಯವರು ಓಡಿಸೋ ಬಸ್ಸಿನಲ್ಲಿ ಕೂತು ಗೊತ್ತಿಲ್ಲದ ಮನುಷ್ಯ, ದಾರಿಯುದ್ದಕ್ಕೂ ಆ ಡ್ರೈವರನ್ನು ಬೈದುಕೊಂಡೇ ಬರ್ತಾರೆ, ಮೊದಲು ನೀರು ಕೊಡು. ಕೇಳಿದರೆ ಹೌದು ಅನ್ನು, ನಾನೇ ಫೋನ್ ಮಾಡಿದ್ದೆ ಅನ್ನು. ಸುಳ್ಳಿನ ಪಾಪ ನನಗಿರಲಿ. ಬಾಗಿಲು ಮಾತ್ರ ತೆಗೆ ಕಣೋ.