ಅತ್ತೆಯವರು ಹಡಗು ನೋಡಿದ್ದು

ಫೆಬ್ರುವರಿ 20, ಗುರುವಾರ

ಅತ್ತೆಗೆ ಡ್ರಾಪ್ಸ್ ಹಾಕಿದೆ. ಬಲಗಣ್ಣಿಗೊಂದು, ಎಡಗಣ್ಣಿಗೊಂದು, ಗಲ್ಲಕ್ಕೆ ನಾಲ್ಕು.

ಬಳ್ಳಾರಿ ಡಾಕ್ಟರು ನಿನ್ನೆ ಸುತ್ತುಬಳಸಲಿಲ್ಲ. ಗ್ಲಾಕೋಮಾ. ನೋಟ ಸುತ್ತಲಿಂದ ಮುಚ್ಚುತ್ತಾ ಬಂದಿದೆ. ಈಗ ಕೊಳವೆಯಲ್ಲಿ ಇಣುಕಿದ ಹಾಗೆ; ಅದೂ ಇನ್ನು ಕೆಲವೇ ತಿಂಗಳು. ನಾನು ಕರ್ಚೀಫು ಹುಡುಕುತ್ತಿದ್ದೆ. ಅತ್ತೆ ಭೀಮಾಬಾಯಿಯವರು ಕೇಳಿದ್ದು ಒಂದೇ — "ಇಷ್ಟರೊಳಗ ಹಡಗು ಕಾಣ್ತದೇನ್ರಿ, ಡಾಕ್ಟರೇ?"

ಹಡಗು! ಸಂಡೂರಿನಲ್ಲಿ ಹುಟ್ಟಿದವರು. ಹಿತ್ತಲ ಬಾಗಿಲು ತೆಗೆದರೆ ಕಾಣುತ್ತಿದ್ದ ಗುಡ್ಡ ಅದಿರಾಗಿ ಲಾರಿ ಹತ್ತಿ, ರೈಲು ಹತ್ತಿ, ಹಡಗು ಹತ್ತಿ ಹೋಯಿತಂತೆ. "ಲಾರಿ ನೋಡೀನಿ, ರೈಲು ನೋಡೀನಿ. ನಮ್ಮ ಗುಡ್ಡಾ ಒಯ್ದವನ ಮಾರಿ ಒಮ್ಮೆ ನೋಡಬೇಕು. ನೋಡೇ ಸೈ."

ಧ್ವನಿ ಕೇಳಿದರೆ ಹಡಗಿಗೆ ಸಮನ್ಸ್ ಹೋದಂತೆಯೇ.

ಮಾರ್ಚ್ 3, ಸೋಮವಾರ

ಸಂಪುಟ ಸಭೆ, ಅಡುಗೆಮನೆಯಲ್ಲಿ. ನಮ್ಮ ಯಜಮಾನರು ಸುಮಧ್ವ — ಹೊರಗೆ ನೀರಾವರಿ ಇಂಜಿನಿಯರು, ಒಳಗೆ ಪಂಚಾಂಗಕ್ಕೆ ಚೀಫ್ ಇಂಜಿನಿಯರು. ರೂಲಿಂಗ್ ಕೊಟ್ಟರು: ಸಮುದ್ರ ಮುಟ್ಟುವುದಿದ್ದರೆ ಪರ್ವಕಾಲದಲ್ಲಿ ಮಾತ್ರ. ಹುಣ್ಣಿಮೆ, ಇಲ್ಲಾ ಅಮಾವಾಸ್ಯೆ. ಉಳಿದ ದಿನ ಹನಿ ಸೋಕಿದರೂ ದೋಷ.

"ನಾ ಹಡಗು ನೋಡ್ಲಿಕ್ಕೆ ಹೊಂಟೀನೋ, ಸಮುದ್ರ ಮುಟ್ಟಲಿಕ್ಕಲ್ಲ."

"ಬೋಟಿನಾಗ ಕೂತ್ರ ಸಿಡೀತದಲ್ಲಮ್ಮಾ."

ಹೋಳಿ ಹುಣ್ಣಿಮೆ ಪಾಸಾಯಿತು. ದೇಶವೆಲ್ಲ ಬಣ್ಣ ಆಡಲು ಹಂಪಿಗೆ ಬರುವಾಗ ನಾವು ಗೋವಾಕ್ಕೆ. ಅದಿರು ಹಡಗು ನಿಲ್ಲುವ ವಾಸ್ಕೊಗೆ ಟಿಕೆಟ್ ಬುಕ್ ಮಾಡಿದೆ.

ಮಾರ್ಚ್ 14, ಶುಕ್ರವಾರ. ವಾಸ್ಕೊ, ಲಾಡ್ಜು. ಬೆಳಿಗ್ಗೆ 11

ಇನ್ನೂ ಹೊರಟಿಲ್ಲ. ಸ್ನಾನ, ಸಂಧ್ಯಾವಂದನೆ, ಅವಲಕ್ಕಿ… ಎಲ್ಲ ಮುಗಿದು ಚಪ್ಪಲಿ ಮೆಟ್ಟುವ ಹೊತ್ತಿಗೆ ಇವರು ಕ್ಯಾಲೆಂಡರ್ ನೋಡಿಬಿಟ್ಟರು. ರಾಹುಕಾಲ! ಹನ್ನೆರಡರವರೆಗೆ ಹೊಸಿಲು ದಾಟುವಂತಿಲ್ಲ. ಹುಣ್ಣಿಮೆ ಮುಗಿಯುವುದು ಹನ್ನೆರಡೂಕಾಲರ ಸುಮಾರಿಗೆ. ಹುಣ್ಣಿಮೆಗೆಂದು ಬಂದವರು ರಾಹುವಿಗೆಂದು ಕೂತಿದ್ದೇವೆ.

ಅತ್ತೆ ಕಿಟಕಿಯಲ್ಲಿ ಕೂತು ಎದುರಿನ ಅಂಗಡಿಯ ಬೋರ್ಡನ್ನು ಒಂದೊಂದೇ ಅಕ್ಷರ ಓದುತ್ತಿದ್ದಾರೆ.

ಅದೇ ದಿನ, ಸಂಜೆ

ಬಂದರು ಮುಟ್ಟಿದಾಗ ಹುಣ್ಣಿಮೆ ಕೈಕೊಟ್ಟಿತ್ತು. ಪಾಡ್ಯ. ಇವರು ಗಡಿಯಾರ ನೋಡಿ, ನೀರು ನೋಡಿ, ಹಿಂದೆ ಸರಿದರು.

"ಮುಂದಿನ ಅಮಾಸಿಗೆ ಬರೋಣಮ್ಮಾ."

"ಅಮಾಸಿ ಬರ್ತದ. ಕಣ್ಣಿರ್ತಾವೇನೋ?"

 ಹಗ್ಗ ಬಿಚ್ಚುತ್ತಿದ್ದ ಬೋಟಿನವನು ಕೈ ನಿಲ್ಲಿಸಿದ. ಅವನು ಹೊನ್ನೂರುಸ್ವಾಮಿ, ನಮ್ಮ ಬಳ್ಳಾರಿ ಕಡೆಯ ಎಮ್ಮಿಗನೂರಿನವನು. ಮೈತುಂಬ ಹೋಳಿ ಬಣ್ಣ. ನಮ್ಮ ಕನ್ನಡ ಕೇಳಿಯೇ ಬಂದು ಹಿಡಿದಿದ್ದ.

ಅತ್ತೆ ನೀರು ನೋಡುತ್ತ ನಿಂತರು. ಯಾರೂ ತೋಡಿದ ಬಂದರಲ್ಲ. ಗುಡ್ಡವೇ ಕೈ ಬಳಸಿ ಕಡಲನ್ನು ಬಗಲಲ್ಲಿ ಮಲಗಿಸಿಕೊಂಡಿದೆ.

"ತೆರಿ ಎಲ್ಲವೋ, ಸುಮಧ್ವಾ?"

"ಇಲ್ಲಿ ತೆರಿ ಬರಂಗಿಲ್ಲಮ್ಮಾ. ಗುಡ್ಡ ತಡೀತದ."

"ಗುಡ್ಡ ತಡದದ, ನೀರು ನಿಂತದ. ಹಿಂಗ ನಿಂತ ನೀರಿಗೆ ನಿಮ್ಮ ಆಫೀಸಿನಾಗ ಏನಂತೀರಿ?"

ಇಂಜಿನಿಯರು ಗಂಟಲು ಸರಿಮಾಡಿಕೊಂಡರು. "…ಡ್ಯಾಮು."

"ಡ್ಯಾಮಿನ ನೀರು ಮುಟ್ಟಲಿಕ್ಕೆ ಯಾವ ಹುಣ್ಣಿಮಿ ಬೇಕು?"

"ಕಂಪ್ಲಿ ಹೊಳೀಗಿಂತ ತಣ್ಣಗೈತ್ರಿ ಅಮ್ಮಾರ! ಬರ್ರಿ, ಜಲ್ದಿ ಕುಂದ್ರಿ" — ಹೊನ್ನೂರುಸ್ವಾಮಿ ತೀರ್ಪಿಗೆ ಸೀಲು ಒತ್ತಿದ.

ಅತ್ತೆ ಹತ್ತಿದರು. ಹಿಂದೆ ನಾನು. ಬೋಟು ಬಿಡುವಾಗ ಇವರೂ ಹಾರಿದರು — ಒಂದು ಕಾಲು ಮೊಳಕಾಲವರೆಗೆ ಪಾಡ್ಯದಲ್ಲಿ.

ಹಡಗಿನ ಹತ್ತಿರ ಹೋದೆವು.

"ಹಡಗು ಎಲ್ಲೇ ಮಾಧವಿ? ಬರೇ ಗ್ವಾಡಿ ಕಾಣ್ತದ."

"ಆ ಗ್ವಾಡೀನೇ ಹಡಗ್ರೀ, ಅತ್ತಿ."

ಅವರ ಕೊಳವೆಯಲ್ಲಿ ಹಡಗು ಹಿಡಿಸಲಿಲ್ಲ. ಎಂಜಿನ್ ನಿಲ್ಲಿಸು ಅಂದರು. ಮೂತಿಯಿಂದ ಶುರು. ಕತ್ತು ಇಷ್ಟಿಷ್ಟೇ ತಿರುಗಿಸುತ್ತ ಬಾಲದವರೆಗೆ. ಆಮೇಲೆ ಕೆಳಗಿನಿಂದ ಮೇಲಕ್ಕೆ. ಬಿಸಿಲು ಸುಡುತ್ತಿತ್ತು. ಇವರು ಪಾಡ್ಯ ಮರೆತು, ಶಾಲು ಬಿಚ್ಚಿ ತಾಯಿಯ ತಲೆಗೆ ನೆರಳು ಹಿಡಿದು ನಿಂತರು.

"ನೋಡಿದ್ರೇನ್ರಿ ಅತ್ತಿ?"

"ನೋಡ್ದೆ."

ಈಗ ಬೈಯುತ್ತಾರೆ, ಶಾಪ ಹಾಕುತ್ತಾರೆ ಅಂತ ಕಾದೆ. ಬೈಯಲಿಲ್ಲ. "ನಡೀರಿ," ಅಂದರು.

ಜುಲೈ 9, ಬುಧವಾರ

ಕಣ್ಣು ಪೂರ್ತಿ ಹೋಗಿ ಎರಡು ವಾರ ಆಯಿತು. ಈಗ ಕಾಫಿ ಲೋಟ ಇಟ್ಟ ಸಪ್ಪಳಕ್ಕೆ ಅತ್ತೆಯ ಕೈ ಬರುತ್ತದೆ. ಹಗಲು-ರಾತ್ರಿ ಕೇಳಿ ತಿಳಿಯುತ್ತಾರೆ. ಅಳು ನಮ್ಮದು, ಅವರದೇನಿದ್ದರೂ ಕಾಫಿಗೆ ಸಕ್ಕರೆ ಕಡಿಮೆ ಅನ್ನೋ ತಕರಾರು.

ಪಕ್ಕದ ಮನೆ ಹುಲುಗಮ್ಮ ಬಂದಿದ್ದಳು. "ಹಡಗು ಹೆಂಗಿತ್ರಿ ಅಮ್ಮಾರ?"

"ಏನದ ಅದರಾಗ, ಕಬ್ಬಿಣದ ಗ್ವಾಡಿ. ತುದಿಗೊಬ್ಬ ಹುಡುಗ ನಿಂತಿದ್ದ. ಹಗ್ಗದ ಮ್ಯಾಲೆ ಬನೀನು ಒಣಹಾಕ್ಲಿಕ್ಕತ್ತಿದ್ದ."

ನಾನು ಇವರ ಮುಖ ನೋಡಿದೆ, ಇವರು ನನ್ನದು. ಹಡಗೆಂಬ ಹಡಗನ್ನೇ ಇಡಿಯಾಗಿ ನೋಡಿದವರು ನಾವು. ಹುಡುಗನನ್ನು ನೋಡಿರಲಿಲ್ಲ.

"ನಿಮ್ಮ ಗುಡ್ಡಾ ಒಯ್ದವ ಅವನೇನ್ರಿ?"

"ಅಂವೇನು ಒಯ್ತಾನ ಪಾಪ, ಬಡಕ. ನನ್ನ ನೋಡಿ ಕೈ ಮಾಡಿದ."

"ನೀವೇನು ಮಾಡಿದ್ರಿ?"

ಅತ್ತೆ ಲೋಟ ಕೆಳಗಿಟ್ಟರು. ಬಲಗೈ ಎತ್ತಿ, ಅಂಗಳದ ಕಡೆ ಮುಖ ಮಾಡಿ, ಹಡಗಿನ ಹುಡುಗನಿಗೆಂಬಂತೆ ಬೀಸಿದರು.