ಮುಯ್ಯಿಗೆ ವಂಚನೆಯೆಂದು ಹೆಸರಿಟ್ಟ ಯಂತ್ರ

ಕಾರ್ಮಿಕರ ದೂರು ಕೇಳಲು ಕುರ್ಚಿ ಹಾಕಿಸಿಕೊಂಡಿರುವ ಮಾನ್ಯರೇ,

ನಮ್ಮ ಜೊತೆ ದುಡಿಯುತ್ತಿದ್ದ, ಬಳಿಚಕ್ರ ಊರಿನ ಸುಂದ್ರಮ್ಮನನ್ನು ಕೆಲಸದಿಂದ ತೆಗೆದವರು ಯಾರು ಎಂದು ನಿಮ್ಮ ಕಚೇರಿಗೆ ಬಂದು ಕೇಳಿದೆವು. ‘ಕಂಪ್ಯೂಟರ್ ತೆಗೆದದ್ದಕ್ಕ ನಾವೇನ್ ಮಾಡಾಕ ಬರ್ತದವಾ? ಮನಷ್ಯಾ ಆಗಿದ್ರ ನೋಟಿಸ್ ಕೊಡ್ತಿದ್ವಿ’ ಎಂದರು ನಿಮ್ಮ ಸಿಬ್ಬಂದಿ. ಹಾಗಾದರೆ ಇನ್ನು ಮುಂದೆ ಯಾರ ಅನ್ನ ಕಸಿಯಬೇಕಿದ್ದರೂ ಯಂತ್ರದ ಕೈಯಿಂದ ಕಸಿದರೆ ಸಾಕು, ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದೆ ಎಂದಾಯಿತಲ್ಲವೇ?

ನಾನು ಶಾಲೆ ಅರ್ಧಕ್ಕೆ ಬಿಟ್ಟವಳು. ಒಂದು ಕಡೆ ನಿಲ್ಲದೆ ಶಹಾಪುರ, ಸುರಪುರದ ಅಂಗಡಿ, ಗೋದಾಮುಗಳನ್ನು ಅಲೆದು, ಈಗ ಯಾದಗಿರಿ ಹೊರಗಿನ ತೊಗರಿಬೇಳೆ ಕಾರ್ಖಾನೆಯಲ್ಲಿ ಪ್ಯಾಕೆಟ್ ತುಂಬುತ್ತೇನೆ. ಅಲ್ಲಿ ನಮ್ಮ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಕೈ ಎಷ್ಟು ಆಡಿತು, ಎಷ್ಟು ಹೊತ್ತು ನಿಂತಿತು ಎಂದು ಅದು ಎಣಿಸುತ್ತದೆ. ತಲೆಯ ಮೇಲೆ ಕ್ಯಾಮೆರಾ. ಮೂತ್ರಕ್ಕೆ ಹೋದರೂ ಅದರ ಭಾಷೆಯಲ್ಲಿ ನಾವು ‘ನಿಷ್ಕ್ರಿಯ’.

ರಂಜಾನ್ ತಿಂಗಳಲ್ಲಿ ನಮ್ಮ ಜೊತೆಗಾತಿ ಸಾಬೇರಾ ರೋಜಾ ಹಿಡಿದು, ಪ್ಯಾಕೆಟ್ಟಿನ ಬಾಯಿ ಅಂಟಿಸುವ ಬಿಸಿ ಯಂತ್ರದ ಮುಂದೆ ನಿಂತಿದ್ದಳು. ಸುಂದ್ರಮ್ಮ ತೂಕದ ಮೇಜಿನಿಂದ ಎದ್ದು ಹೋದಳು.

‘ಗುಟುಕು ನೀರು ಕುಡ್ಯಂಗಿಲ್ಲ, ಈ ಕಾವಿನ ಮುಂದ ಬ್ಯಾರೆ ನಿಂತಿ. ಸರಿ ಅತ್ಲಾಗ.’

‘ನಿನ್ನ ತೂಕ ನಾ ಮಾಡ್ತೀನಿ ಅಕ್ಕಾ.’

‘ತೂಕ ಇರ್ಲಿ, ಹಬ್ಬಕ್ಕ ಸುರಕುಂಬಾ ಪಾಯಸ ಕುಡಸೋದು ಮರೀಬ್ಯಾಡ!’

ಹೊಲದಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತೇವೆ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಸಾಬೇರಾಳ ಜಾಗದಲ್ಲಿ ಆದ ಕೆಲಸ ಸಾಬೇರಾಳ ಹೆಸರಿಗೇ ಸೇರಲೆಂದು ಇಬ್ಬರೂ ಕೈಪಟ್ಟಿ ಅದಲುಬದಲು ಮಾಡಿಕೊಂಡರು. ಯಂತ್ರ ಮುಖವನ್ನೂ ಪಟ್ಟಿಯನ್ನೂ ತಾಳೆ ನೋಡಿ ‘ವಂಚನೆ’ ಎಂದಿತು. ನಾಳೆಯಿಂದ ಬರಬೇಡಿ ಎಂದು ಇಬ್ಬರ ಫೋನಿಗೂ ಸಂದೇಶ ಬಂತು.

ಯಂತ್ರ ತಪ್ಪು ನೋಡಿತು ಎಂದು ನಾನು ಹೇಳುವುದಿಲ್ಲ. ಪಟ್ಟಿ ಬದಲಾದದ್ದು ನಿಜ, ಕಣ್ಣಾರೆ ಕಂಡಿದ್ದೇನೆ. ಆದರೆ ಯಾಕೆ ಎಂದು ಕೇಳುವ ಬಾಯಿ ಅದಕ್ಕಿಲ್ಲ. ಬಾಯಿ ಇದ್ದವರೂ ಕೇಳಲಿಲ್ಲ. ಒಂದು ಪ್ಯಾಕೆಟ್ ಕಡಿಮೆಯಾಯಿತೇ? ತೂಕ ತಪ್ಪಿತೇ?

ಈಗ ಆಳು ಆರಿಸುವುದೂ ಯಂತ್ರವೇ. ಶಹಾಪುರದ ಒಂದು ಗೋದಾಮಿಗೆ ಸುಂದ್ರಮ್ಮನ ಅರ್ಜಿಯನ್ನು ನನ್ನ ಫೋನಿನಲ್ಲೇ ಹಾಕಿದೆ. ಮುಖದ ಫೋಟೊ ಕೊಟ್ಟ ಕೂಡಲೇ, ಒಬ್ಬ ಮನುಷ್ಯನೂ ನೋಡುವ ಮೊದಲೇ, ‘ಅರ್ಹರಲ್ಲ’ ಎಂದು ಬಂತು. ಇನ್ನೊಂದು ಕಡೆಯೂ ಅದೇ ಉತ್ತರ. ‘ವಂಚನೆ’ಯ ಗುರುತು ಆಕೆಯ ಮುಖದ ಜೊತೆಗೇ ಅಲ್ಲಿಗೂ ಹೋಗಿರಬೇಕು. ಕಳ್ಳನಿಗೂ ಕೋರ್ಟಿನಲ್ಲಿ ಮಾತಾಡಲು ಬಿಡುತ್ತಾರೆ, ಸ್ವಾಮಿ.

ನಮ್ಮ ಸೂಪರ್‌ವೈಸರ್ ಸುಂದ್ರಮ್ಮನಿಗೆ ಉಪಾಯ ಹೇಳಿಕೊಟ್ಟರು: ‘ಸಾಬೇರಾ ಜಬರ್‌ದಸ್ತಿ ಮಾಡಿದಳಂತ ಬರ್ದು ಕೊಡಬೇ, ಆ ವಂಚನಿ ಲಿಸ್ಟಿನಾಗಿಂದ ನಿನ್ನ ಹೆಸರು ತೆಗಸ್ತೀನಿ.’

ಸುಂದ್ರಮ್ಮ ಅಂದಳು: ‘ಆಕೀ ಮ್ಯಾಲ ಸುಳ್ಳು ಹೊರಿಸಿ ನಾ ಯಾವ ಬಾಯಿಲೆ ಉಣ್ಣಲಿರಿ?’

ಆಕೆ ಇನ್ನೂ ಮನೆಯಲ್ಲೇ ಇದ್ದಾಳೆ. ಸುಳ್ಳು ಹೇಳಿದ್ದರೆ ಇಷ್ಟೊತ್ತಿಗೆ ಕೆಲಸದಲ್ಲಿರುತ್ತಿದ್ದಳು. ನಿಮ್ಮ ವ್ಯವಸ್ಥೆ ಅಳೆಯುವ ಪ್ರಾಮಾಣಿಕತೆ ಇದೇನಾ?

ಅದಕ್ಕೇ ಪತ್ರಿಕೆಯಲ್ಲಿ ಬರೆದು ಕೇಳುತ್ತಿದ್ದೇನೆ. ಇಬ್ಬರನ್ನೂ ಮಾಲೀಕರನ್ನೂ ಎದುರೆದುರು ಕೂಡಿಸಿ ವಿಚಾರಣೆ ಮಾಡಿ. ಅವರ ಹೆಸರಿಗೆ ಅಂಟಿಸಿದ ‘ವಂಚನೆ’ಯನ್ನು ಅಳಿಸಿ. ಯಂತ್ರ ಯಾರನ್ನೇ ತೆಗೆಯುವ, ಬೇಡವೆನ್ನುವ ಮೊದಲು ಒಬ್ಬ ಮನುಷ್ಯ ಅವರ ಮಾತು ಕೇಳಿ, ಕಾರಣ ಬರೆದು, ಕೆಳಗೆ ತನ್ನ ಹೆಸರು ಹಾಕಲೇಬೇಕೆಂದು ನಿಯಮ ತನ್ನಿ. ಸಾಕ್ಷಿಗೆ ನಾನು ಬರುತ್ತೇನೆ. ಪಟ್ಟಿ ಬದಲಾಯಿಸಿದ್ದನ್ನೂ ಹೇಳುತ್ತೇನೆ, ಯಾಕೆ ಎಂಬುದನ್ನೂ ಹೇಳುತ್ತೇನೆ.

ಇಂತಿ,
ಈ ಪತ್ರ ಅಚ್ಚಾಗುವವರೆಗೆ ಮಾತ್ರ ಕೆಲಸದಲ್ಲಿರುವ
ನಂದಿನಿ, ಯಾದಗಿರಿ